ದನಿ ಇಲ್ಲದ ಮೂರು ಗಂಟೆ

ಕೆರೂರಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಟಿವಿಗೆ ದನಿ ಇರುತ್ತಿರಲಿಲ್ಲ. ಟಿವಿ ಕೆಟ್ಟಿರಲಿಲ್ಲ, ಅದು ಇದ್ದ ಪಡಸಾಲೆಯಲ್ಲೇ ಅಜ್ಜನ ಮಂಚವೂ ಇತ್ತು. ಒಂದೂವರೆಗೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಅಜ್ಜ ಅಡ್ಡಾದನೆಂದರೆ, ನಾಲ್ಕರ ಚಹಾಕ್ಕೆ ಅವನು ಏಳುವವರೆಗೆ ತಾಟು ಲೋಟಗಳೂ ಸಪ್ಪಳ ಮಾಡಬಾರದು. ಅವ್ವ ಅಡಿಗೆಮನೆಯ ಹೊಸ್ತಿಲಿಗೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಅಪ್ಪ ಬಾದಾಮಿಯ ಶಾಲೆಯಲ್ಲಿ ಮಾಸ್ತರ. ಸಂಜೆಯ ಬಸ್ಸಿಗೇ ಬರುತ್ತಿದ್ದ. ಕಟ್ಟಡ ಸಾಲದೆ ನಮ್ಮ ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತಿತ್ತು, ನನ್ನದು ಬೆಳಗಿನ ಪಾಳಿ. ಹೀಗಾಗಿ ಎರಡೂವರೆಯಿಂದ ನಾಲ್ಕರವರೆಗೆ ಆ ಮನೆಯಲ್ಲಿ ಎಚ್ಚರ ಇದ್ದವರು ಇಬ್ಬರೇ: ನಾನು ಮತ್ತು ಅತ್ಯಾ. ಅತ್ಯಾ ಎಂದರೆ ಅಪ್ಪನ ಅಕ್ಕ, ಇಂದಿರಾ. ನಾನು ಹುಟ್ಟುವ ಮೊದಲೇ ಗಂಡನ ಮನೆಯಿಂದ ಒಂದು ಟ್ರಂಕಿನೊಂದಿಗೆ ವಾಪಸು ಬಂದು ಇಲ್ಲಿಯೇ ಉಳಿದವಳು. ಮೂರು ಗಂಟೆಗೆ ಆಟ ಶುರುವಾಗುತ್ತಿತ್ತು. ಅದಕ್ಕೆ ಚಾನೆಲ್ಲಿನವರು ಇಟ್ಟಿದ್ದ ಉದ್ದನೆಯ ಹೆಸರನ್ನು ನಾವು ಬಳಸಲಿಲ್ಲ. ನಮಗೆ ಅದು ‘ಮೂರರ ಆಟ’.

ಆಟಕ್ಕೆ ಮೊದಲು ನನ್ನದೊಂದು ಕೆಲಸವಿತ್ತು. ನಮ್ಮದು ಮಣ್ಣಿನ ಮಾಳಿಗೆ. ಪಡಸಾಲೆಯ ನಡುವೆ ಮೇಲೊಂದು ಬೆಳಕಿಂಡಿ. ಸರಿಯಾಗಿ ಮೂರರ ಹೊತ್ತಿಗೆ ಅದರ ಬಿಸಿಲು ಇಳಿದು ಬಂದು ಟಿವಿಯ ಗಾಜಿನ ಮೇಲೆ ಕೂರುತ್ತಿತ್ತು. ನಾನು ಹಿತ್ತಲ ನಿಚ್ಚಣಿಕೆ ಹತ್ತಿ, ಬೆಳಕಿಂಡಿಗೆ ಮೊರ ಮುಚ್ಚಿ, ಅಂಗಾಲು ಸುಟ್ಟುಕೊಂಡು ಇಳಿದು ಬರುತ್ತಿದ್ದೆ. ಅಷ್ಟರಲ್ಲಿ ಅತ್ಯಾ ಹತ್ತಿಯ ಬುಟ್ಟಿ ತಂದು ಗೋಡೆಗೆ ಆತು ಕೂತಿರುತ್ತಿದ್ದಳು. ಹೂಬತ್ತಿ ಹೊಸೆಯುವುದಕ್ಕೆ ಕಣ್ಣು ಬೇಡ, ಸಪ್ಪಳವೂ ಇಲ್ಲ. ಪರದೆಯ ಮೇಲೆ ಆ ಆಟದ ನಿರೂಪಕ ಬಂದು ಕೈ ಮುಗಿಯುತ್ತಿದ್ದ. ಹಳದಿ ಜುಬ್ಬಾ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ದುಂಡು ಮುಖ. ಪ್ರಶ್ನೆ ಕೇಳಿದ ಮೇಲೆ ಒಂದು ಕೈ ಕಿವಿಗೆ ಹಚ್ಚಿ, ಸ್ವಲ್ಪ ಬಗ್ಗಿ, ಉತ್ತರಕ್ಕೆ ಕಾಯುತ್ತಿದ್ದ. ಹಾಗೆ ಯಾರಾದರೂ ಯಾರದಾದರೂ ಮಾತಿಗೆ ಕಾಯುವುದನ್ನು ನಾನು ನಮ್ಮ ಮನೆಯಲ್ಲಿ ನೋಡಿರಲಿಲ್ಲ. ಅತ್ಯಾನನ್ನು ಎಲ್ಲರೂ ಕೇಳುತ್ತಿದ್ದದ್ದು ಉಪ್ಪಿನ ಡಬ್ಬಿ ಎಲ್ಲಿದೆ, ಅಜ್ಜನ ಗುಳಿಗೆ ಆಯಿತೇ ಎಂಬಂಥವನ್ನು. ಸಮುದ್ರವಿಲ್ಲದ ದೇಶ ಯಾವುದು, ಜೇನುಹುಳಕ್ಕೆ ಎಷ್ಟು ಕಣ್ಣು ಎಂದು ಕೇಳುತ್ತಿದ್ದವನು ಅವನೊಬ್ಬನೇ.

ಪ್ರಶ್ನೆಗಳು ಪರದೆಯ ಕೆಳಗೆ ಕೇಸರಿ ಪಟ್ಟಿಯಲ್ಲಿ ಕನ್ನಡದಲ್ಲಿ ಬರುತ್ತಿದ್ದವು. ಪಕ್ಕದಲ್ಲಿ ಹತ್ತು ಸೆಕೆಂಡಿನ ಚಕ್ರ ತಿರುಗುತ್ತಿತ್ತು, ಅದು ನಿಂತ ಮೇಲೆ ಸರಿ ಉತ್ತರ ಮೂಡುತ್ತಿತ್ತು. ಚಕ್ರ ಅರ್ಧ ತಿರುಗುವ ಮೊದಲೇ ಅತ್ಯಾ ತುಟಿಯಲ್ಲಿ ಉತ್ತರ ಹೇಳಿಬಿಡುತ್ತಿದ್ದಳು. ನಾನು ಡೈರಿಯಲ್ಲಿ ಗೀಟು ಎಳೆಯುತ್ತಿದ್ದೆ. ದಿನಕ್ಕೆ ಹನ್ನೆರಡು ಪ್ರಶ್ನೆ. ನನ್ನ ಲೆಕ್ಕದಂತೆ ಅತ್ಯಾನ ಸರಾಸರಿ ಒಂಬತ್ತು, ಕರೆಂಟು ಹೋದ ದಿನಗಳನ್ನು ಬಿಟ್ಟು. ಆ ಡೈರಿ ಕೊಟ್ಟವನು ಅಜ್ಜ. ಅವನು ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಯಾರೋ ಕೊಟ್ಟ ಹಳೆಯ ವರ್ಷದ ಡೈರಿಯ ತಾರೀಖುಗಳನ್ನು ತಾನೇ ತಿದ್ದಿ ನನ್ನ ಕೈಗಿಟ್ಟು ಒಂದೇ ನಿಯಮ ಹೇಳಿದ್ದ.

“ಕಂಡದ್ದು ಬರಿ. ಹಿಂಗಿರಬಹುದು ಅಂತ ಅನಿಸಿದ್ದು ಬರೀಬ್ಯಾಡ.”

ಆ ನಿಯಮವನ್ನು ನಾನು ಒಂದು ಸಲ ಮುರಿದೆ. ಅದನ್ನು ಹೇಳುವುದಕ್ಕೇ ಈ ಅಧ್ಯಾಯ.

ಮೂರರ ಆಟ ಒಂದೇ ಇರಲಿಲ್ಲ. ಆಗ ಮಧ್ಯಾಹ್ನದ ಟಿವಿ ತುಂಬ ಇಂಥವೇ. ಹನ್ನೆರಡಕ್ಕೆ ದಪ್ಪ ಕುಂಕುಮದ ಒಬ್ಬ ಹೆಣ್ಣುಮಗಳು ಮುಚ್ಚಿದ ಡಬ್ಬಿಗಳನ್ನು ಸಾಲಾಗಿ ಇಟ್ಟು ಒಳಗೇನಿದೆ ಹೇಳಿ ಎನ್ನುತ್ತಿದ್ದಳು. ಎರಡಕ್ಕೆ ಚಷ್ಮಾ ಹಾಕಿದ ಮುದುಕರೊಬ್ಬರು ಅಕ್ಷರ ಕೂಡಿಸುವ ಆಟ ನಡೆಸುತ್ತಿದ್ದರು. ತಪ್ಪು ಹೇಳಿದವರಿಗೂ ಬಾಳೆಹಣ್ಣು ಕೊಡುತ್ತಿದ್ದರು. ಗೆದ್ದವರಿಗೆ ಕುಕ್ಕರು, ಮಿಕ್ಸರು, ಸೀರೆ. ಅತ್ಯಾನಿಗೆ ಅದ್ಯಾವುದರ ಮೇಲೂ ಆಸೆ ಇರಲಿಲ್ಲ. ಹಳದಿ ಜುಬ್ಬಾದವನು ಕಿವಿಗೆ ಕೈ ಹಚ್ಚುವಾಗ ಮಾತ್ರ ಅವಳ ಕೈಯಲ್ಲಿ ಬತ್ತಿ ನಿಲ್ಲುತ್ತಿತ್ತು. ಅವನ ತುಟಿ ನೋಡಿ ನೋಡಿ ಒಂದು ಮಾತನ್ನು ಅವಳು ಪತ್ತೆ ಹಚ್ಚಿದ್ದಳು.

“ಅಂವಾ ಎಲ್ಲಾರಿಗೂ ‘ಅಕ್ಕಾ’ ಅಂತಾನ ನೋಡು ವೀಣಿ,” ಎಂದು ಪಿಸುಗುಟ್ಟಿದಳು.

ನಿದ್ದೆಗಣ್ಣಲ್ಲಿ ಇದು ಕಿವಿಗೆ ಬಿದ್ದ ಅವ್ವ ಅಂದಿನಿಂದ ಅವನಿಗೆ ‘ಅಕ್ಕಾರ ತಮ್ಮ’ ಎಂದೇ ಹೆಸರಿಟ್ಟಳು. ಮೂರಾಗುತ್ತಲೇ, ಮಲಗಿದಲ್ಲೇ ಕಣ್ಣು ತೆರೆಯದೆ, ಮೆಲ್ಲಗೆ, “ಅಕ್ಕಾರ, ತಮ್ಮ ಬಂದ ನೋಡ್ರಿ, ನೀರು ಕೊಡ್ರಿ,” ಎನ್ನುವಳು. ಅತ್ಯಾ ನಗುತ್ತಿದ್ದಳು. ಸದ್ದಿಲ್ಲದೆ, ಭುಜ ಕುಣಿಸಿ.

ಅತ್ಯಾನ ಗಂಡನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟು. ಅವನು ಇಳಕಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬಂದ ಮೂರು ಗಂಡುಗಳಲ್ಲಿ ಅವನನ್ನೇ ಆರಿಸಿದವನು ಅಜ್ಜ. ಅವನ ಅಕ್ಷರ ಮುತ್ತಿನಂತಿದೆ ಎಂಬುದು ಕಾರಣ. ಮದುವೆಯಾದ ಎರಡನೆಯ ಬೇಸಿಗೆಯಲ್ಲಿ ತರಬೇತಿಗೆಂದು ಪುಣೆಗೆ ಹೋದವನು ತಿರುಗಿ ಬರಲಿಲ್ಲ. ಅದೇ ಮುತ್ತಿನ ಅಕ್ಷರದಲ್ಲಿ ಒಂದು ಪತ್ರ ಬಂತಂತೆ. ಅಜ್ಜ ಇಳಕಲ್ಲಿಗೆ ಹೋಗಿ ಮಗಳನ್ನು ಕರೆತಂದು, ಪಡಸಾಲೆಯ ನಡುವೆ ನಿಂತು, “ಇನ್ನ ಈ ಮನ್ಯಾಗ ಅವನ ಹೆಸರು ಬ್ಯಾಡ,” ಎಂದನಂತೆ. ಯಾರೂ ಎತ್ತಲಿಲ್ಲ. ಎತ್ತಲೇಬೇಕಾದಾಗ ‘ಆ ಮನಿಯವರು’ ಎನ್ನುತ್ತಿದ್ದರು. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಆದರೆ ಅತ್ಯಾ ತಾಳಿ ತೆಗೆದಿರಲಿಲ್ಲ. ದಿನವೂ ಸ್ನಾನ ಮಾಡಿ ಕನ್ನಡಿ ಇಲ್ಲದೆಯೇ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಕೇಳಬಾರದೆಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಲಿಲ್ಲ.

ಒಂದು ಮಂಗಳವಾರ ಕೇಸರಿ ಪಟ್ಟಿಯಲ್ಲಿ ಪ್ರಶ್ನೆಯ ಬದಲು ಬೇರೆ ಮಾತು ಬಂತು. ಆಟ ಊರೂರಿಗೆ ಬರುತ್ತದೆ, ಮುಂದಿನ ತಿಂಗಳು ಬಾಗಲಕೋಟೆ, ಐದು ಪ್ರಶ್ನೆಗಳ ಉತ್ತರ ಬರೆದು ಕಾರ್ಡು ಹಾಕಿ. ಅತ್ಯಾ ಬುಟ್ಟಿ ಕೆಳಗಿಟ್ಟಳು. ಅರ್ಧ ತಾಸಿನಲ್ಲಿ ನಾನು ಕಾರ್ಡು ಬರೆದೆ. ಉತ್ತರ ಅವಳದು, ಅಕ್ಷರ ನನ್ನದು. ಮೂರು ವಾರಕ್ಕೆ ಕರೆ ಬಂತು. ಅವತ್ತು ರಾತ್ರಿಯ ಊಟಕ್ಕೆ ಜೋಳದ ರೊಟ್ಟಿ, ಹೀರೇಕಾಯಿ ಪಲ್ಯ, ಮೊಸರು. ಅಪ್ಪ ರೊಟ್ಟಿ ಮುರಿಯುತ್ತ ವಿಷಯ ತೆಗೆದ. ಅಜ್ಜ ಕೈ ನಿಲ್ಲಿಸಿದ.

“ಮಂದಿ ಮುಂದ ನಿಂದ್ರಲಿಕ್ಕೆ ಹೋಗ್ತಾಳ?”

“ಪ್ರಶ್ನಿ ಕೇಳ್ತಾರ್ರೀ ಅಷ್ಟ. ಅಕ್ಕಗ ಎಲ್ಲಾ ಬರ್ತದ. ನಿಮ್ಮ ಶಿಷ್ಯೆ ಅಲ್ಲೇನು ಅಕಿ?” ಎಂದ ಅಪ್ಪ.

“ಬರ್ತದಂತ ನಿನಗ ಹ್ಯಾಂಗ ಗೊತ್ತು?”

ನಾನು ಒಳಗೆ ಓಡಿ ಡೈರಿ ತಂದು ಅಜ್ಜನ ತಾಟಿನ ಪಕ್ಕ ಇಟ್ಟೆ. ಅವನು ಎಡಗೈಯಿಂದ ಹಾಳೆ ಮಗುಚಿದ. ಬಹಳ ಹೊತ್ತು ನೋಡಿದ. ಅಡಿಗೆಮನೆಯಲ್ಲಿ ಅತ್ಯಾ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು.

“ಇಷ್ಟು ದಿನಾ ನಾ ಮಲಗಿದಾಗ ಇದನ್ನ ಮಾಡೀರಿ?”

“ಹೌದಜ್ಜ.”

“ಬಸ್ಸಿನ್ಯಾಗ ಅಕಿ ಒಬ್ಬಾಕಿನ ಕಳಸಬ್ಯಾಡ್ರಿ. ನಾನ ಕರಕೊಂಡು ಹೋಗ್ತೇನಿ,” ಎಂದು ಅಜ್ಜ ಮತ್ತೆ ಊಟಕ್ಕೆ ಕೈ ಹಚ್ಚಿದ.

ಆಮೇಲಿನ ಹತ್ತು ದಿನ ನಮ್ಮ ಮನೆಯಲ್ಲಿ ಹಬ್ಬದಂತಿತ್ತು. ಅಜ್ಜ ತನ್ನ ಹಳೆಯ ಸಾಮಾನ್ಯ ಜ್ಞಾನದ ಪುಸ್ತಕ ಹುಡುಕಿ ಕೊಟ್ಟ. ಅವ್ವ ಟ್ರಂಕಿನಿಂದ ಅತ್ಯಾನ ಹಸಿರು ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅತ್ಯಾ ಓಣಿಯಲ್ಲಿ ಯಾರಿಗೂ ಹೇಳಬಾರದೆಂದು ನಮ್ಮಿಂದ ಆಣೆ ಮಾಡಿಸಿಕೊಂಡಳು. ಟಿವಿಯಲ್ಲಿ ಬಂದ ಮೇಲೆಯೇ ಗೊತ್ತಾಗಲಿ ಎಂದು. ನಾನು ಆಟದ ಕ್ರಮವನ್ನು ಡೈರಿಯ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಮೊದಲು ಅವನು ಬಂದು ಕೈ ಮುಗಿಯುತ್ತಾನೆ. ಆಮೇಲೆ ಆಟಕ್ಕೆ ಬಂದ ನಾಲ್ವರು ಹೆಂಗಸರು ಒಬ್ಬೊಬ್ಬರಾಗಿ ಮೈಕಿನಲ್ಲಿ ಏನೋ ಹೇಳುತ್ತಾರೆ, ನಾಚುತ್ತಾರೆ, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಪ್ರಶ್ನೆ. ಆ ‘ಏನೋ’ ಏನೆಂದು ಅತ್ಯಾ ಕೇಳಿದಳು. ಆ ಹೊತ್ತಿನಲ್ಲಿ ಕೇಸರಿ ಪಟ್ಟಿ ಇರುತ್ತಿರಲಿಲ್ಲ. ನಾನು ಸ್ವಲ್ಪ ಯೋಚಿಸಿ, ‘ತಮ್ಮ ಹೆಸರು, ಊರು ಹೇಳುತ್ತಾರೆ’ ಎಂದು ಬರೆದುಬಿಟ್ಟೆ.

ಅತ್ಯಾ ಸೌಟನ್ನೇ ಮೈಕು ಮಾಡಿಕೊಂಡು ಒಲೆಯ ಮುಂದೆ ಕಲಿತಳು. “ನನ್ನ ಹೆಸರು ಇಂದಿರಾ. ಬಾದಾಮಿ ತಾಲೂಕಿನ ಕೆರೂರ.”

“ಅಕ್ಕಾರ, ಸೌಟಿನ್ಯಾಗಿನ ಸಾರು ಆರಲಿಕ್ಕತ್ತದ. ಮೊದಲ ನಮಗ ಬಡಸ್ರಿ, ಆಮ್ಯಾಲ ರಾಜ್ಯಕ್ಕ ಹೇಳೀರಂತ,” ಎಂದಳು ಅವ್ವ.

ಬಾಗಲಕೋಟೆಯ ನವನಗರದ ಒಂದು ಕಲ್ಯಾಣ ಮಂಟಪದಲ್ಲಿ ಆಟ. ನಾವು ಮೂವರು ಮೊದಲ ಬಸ್ಸಿಗೇ ಹೋದೆವು. ಅಜ್ಜ, ಅತ್ಯಾ, ನಾನು. ಹೊರಗೆ ಹೆಂಗಸರ ಸಾಲು ಗೇಟಿನ ತನಕ. ಮೊದಲು ಬರೆಯುವ ಪರೀಕ್ಷೆ. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಅತ್ಯಾನಿಗೆ. ಹೆಸರು ಕೂಗಿದಾಗ ಅಜ್ಜ ಅಕ್ಕಪಕ್ಕದವರ ಕಡೆ ನೋಡಲಿಲ್ಲ, ಆದರೆ ಟೊಪ್ಪಿಗೆ ತೆಗೆದು ಮತ್ತೆ ಸರಿಯಾಗಿ ಇಟ್ಟುಕೊಂಡ. ಅವನನ್ನು ಹಿರಿಯರೆಂದು ಮೊದಲ ಸಾಲಿನಲ್ಲೇ ಕೂರಿಸಿದರು. ಅತ್ಯಾ ಇನ್ನೂ ಮೂವರ ಜೊತೆ ವೇದಿಕೆ ಹತ್ತಿದಳು. ಆಮೇಲೆ ಹಳದಿ ಜುಬ್ಬಾದವನು ಬಂದ. ಟಿವಿಯಲ್ಲಿ ಕಂಡಷ್ಟು ಎತ್ತರ ಇರಲಿಲ್ಲ. ಕುತ್ತಿಗೆಯ ಬಳಿ ಪೌಡರು ಬೆವರಿಗೆ ಗೆರೆಗೆರೆಯಾಗಿತ್ತು. ಅವನ ದನಿಯನ್ನು ನಾನು ಮೊದಲ ಸಲ ಕೇಳಿದೆ. ಸ್ವಲ್ಪ ಒಡೆದ, ದಣಿದ, ಒಳ್ಳೆಯ ದನಿ. ಅತ್ಯಾ ಊಹಿಸಿದಂತೆಯೇ ಅವನು ಎಲ್ಲರಿಗೂ ‘ಅಕ್ಕ’ ಎನ್ನುತ್ತಿದ್ದ.

“ನಮ್ಮ ಆಟ ದಿನಾ ಹೇಗೆ ಶುರುವಾಗತ್ತೆ ಅಂತ ನಿಮಗೆಲ್ಲ ಗೊತ್ತೇ ಇದೆ. ಯಜಮಾನರ ಹೆಸರು! ಒಡಪು ಕಟ್ಟಿ ಹೇಳಬೇಕು. ನಿಮ್ಮ ಸೀಮೆಯಿಂದಲೇ ಕಲಿತಿದ್ದು ನಾವು. ಹತ್ತು ಸೆಕೆಂಡು. ಹೇಳದಿದ್ರೆ ಆ ಜಾಗ ಮುಂದಿನವರಿಗೆ!”

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಒತ್ತಾಯ ಮಾಡಿದರೆ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿ ಓಡಿಹೋಗುತ್ತಾರೆ. ನಾನೂ ಎಷ್ಟೋ ಮದುವೆಯಲ್ಲಿ ಕೇಳಿದ್ದೆ. ಟಿವಿಯಲ್ಲಿ ದಿನವೂ ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದ ಹೆಂಗಸರು ಏನು ಹೇಳುತ್ತಿದ್ದರೆಂದು ನನಗೆ ಆ ಕ್ಷಣ ತಿಳಿಯಿತು. ಮೊದಲನೆಯವಳು ಹುನಗುಂದದ ಹೆಣ್ಣುಮಗಳು. ಮೈಕು ಕಸಿದುಕೊಂಡೇ ಹೇಳಿದಳು.

“ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೇನಿ, ಬಸವರಾಜ ಅವರ ಹೆಸರ ಇವತ್ತ ಹೇಳಿಬಿಟ್ಟೇನಿ!”

ಮಂಟಪವೆಲ್ಲ ಚಪ್ಪಾಳೆ. ಮೈಕು ಅತ್ಯಾನ ಮುಂದೆ ಬಂತು. ಅವನು ಕಿವಿಗೆ ಕೈ ಹಚ್ಚಿ ಬಗ್ಗಿದ. ಅತ್ಯಾ ಅವನನ್ನು ನೋಡಲಿಲ್ಲ. ಕೆಳಗೆ ಮೊದಲ ಸಾಲಿನಲ್ಲಿ ಎಲ್ಲಿಯೋ ನೋಡುತ್ತಿದ್ದಳು. ತುಟಿ ಒಮ್ಮೆ ತೆರೆದು ಮುಚ್ಚಿತು. ಎರಡು, ಮೂರು, ನಾಲ್ಕು ಎಂದು ಜನ ಜೋರಾಗಿ ಎಣಿಸತೊಡಗಿದರು.

“ಹೆಸರು ಹೇಳೋಕೆ ನಾಚಿಕೆನಾ ಅಕ್ಕ? ಹೇಳಿ, ಯಜಮಾನರು ಬೈಯಲ್ಲ!” ಎಂದ ಅವನು. ಅವನಿಗೇನು ಗೊತ್ತು, ಅವಳ ಕೊರಳಲ್ಲಿ ತಾಳಿ ಇತ್ತು.

ಹತ್ತಾಯಿತು. ಅತ್ಯಾ ಮೈಕನ್ನು ತಾನೇ ಪಕ್ಕದವಳ ಕೈಗೆ ಕೊಟ್ಟು, ಮೆಟ್ಟಿಲು ಇಳಿದು ಬಂದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ಅವತ್ತು ಕೇಳಿದ ಹನ್ನೆರಡು ಪ್ರಶ್ನೆಗಳನ್ನು ನಾನು ಡೈರಿಯಲ್ಲಿ ಬರೆದುಕೊಳ್ಳಲಿಲ್ಲ. ಹನ್ನೆರಡೂ ಅತ್ಯಾನಿಗೆ ಬರುತ್ತಿದ್ದವು ಎಂಬುದು ಮಾತ್ರ ನೆನಪಿದೆ. ವಾಪಸು ಬಸ್ಸಿನಲ್ಲಿ ಅವಳು ಕಿಟಕಿಯ ಬಳಿ ಕೂತಳು. ಕೆರೂರು ಬರುವವರೆಗೆ ಅಜ್ಜ ಒಂದೇ ಒಂದು ಮಾತಾಡಿದ.

“ಅವರು ಕೇಳಿದ ಪ್ರಶ್ನಿ ಸರಿ ಇರಲಿಲ್ಲ, ಇಂದಿ.”



ಮರುದಿನ ನಾನು ಎಂದಿನಂತೆ ಮಾಳಿಗೆ ಹತ್ತಿ ಮೊರ ಮುಚ್ಚಿ ಬಂದೆ. ಪಡಸಾಲೆಯಲ್ಲಿ ಅಜ್ಜ ಮಲಗಿರಲಿಲ್ಲ. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

“ದನಿ ಮಾಡು,” ಎಂದ.

ನಾನು ದನಿ ಮಾಡಿದೆ. ವರ್ಷಗಟ್ಟಲೆ ಮೂಕವಾಗಿದ್ದ ಪಡಸಾಲೆಯಲ್ಲಿ ಆಟದ ಸಂಗೀತ, ಚಪ್ಪಾಳೆ, ‘ಅಕ್ಕ’ ಎಂಬ ಆ ದನಿ ಎಲ್ಲವೂ ಒಮ್ಮೆಲೇ ತುಂಬಿಕೊಂಡವು. ಅಜ್ಜ ಅಡಿಗೆಮನೆಯ ಕಡೆ ಮುಖ ಮಾಡಿ, “ಇಂದೀ, ನಿನ್ನ ಆಟ ಬಂತು,” ಎಂದು ಕೂಗಿದ. ಒಳಗೆ ಅತ್ಯಾ ಅಕ್ಕಿ ಆರಿಸುತ್ತಿದ್ದಳು. “ನೋಡ್ರಿ ನೀವು,” ಎಂದಳು. ಅಜ್ಜ ಮತ್ತು ನಾನು ಕೂತು ಪೂರ್ತಿ ನೋಡಿದೆವು. ಹೀಗೆ ಒಂದು ವಾರ. ಪ್ರತಿ ದಿನ ಅಜ್ಜ ಕೂಗಿದ, ಪ್ರತಿ ದಿನ ಅವಳು ಅದೇ ಮಾತು ಹೇಳಿದಳು. ಎಂಟನೆಯ ದಿನ ಅಜ್ಜ ಮಲಗಿಬಿಟ್ಟ. ನಾನು ಟಿವಿ ಹಚ್ಚಲಿಲ್ಲ. ಡೈರಿಯಲ್ಲಿ ಆ ವಾರದ ಹಾಳೆಗಳಲ್ಲಿ ಎರಡೇ ಶಬ್ದ: ‘ಅತ್ಯಾ ಬರಲಿಲ್ಲ’. ಅತ್ಯಾ ಮೊದಲಿನಂತೆಯೇ ಅಡಿಗೆ ಮಾಡಿದಳು, ಬತ್ತಿ ಹೊಸೆದಳು, ನನ್ನ ಜಡೆ ಹೆಣೆದಳು. ಆದರೆ ಪೇಪರು ಓದುವಾಗ ಅಪ್ಪ ಯಾರಿಗೆಂದಿಲ್ಲದೆ ಏನಾದರೂ ಕೇಳಿದರೆ ಮೊದಲಿನ ಹಾಗೆ ಒಳಗಿಂದ ಉತ್ತರ ಬರುತ್ತಿರಲಿಲ್ಲ. ಗೊತ್ತಿದ್ದದ್ದಕ್ಕೂ “ಯಾರಿಗೊತ್ತೋ ಮಾರಾಯಾ” ಎನ್ನತೊಡಗಿದಳು. ಆಟ ಯಾವಾಗ ನಿಂತಿತೋ ನನ್ನಲ್ಲಿ ತಾರೀಖಿಲ್ಲ. ಆ ಹೊತ್ತಿಗೆ ಅಳುವ ಧಾರಾವಾಹಿ ಬಂತು. ನಾನು ಕಾಲೇಜಿನಲ್ಲಿದ್ದಾಗ ಅಜ್ಜ ತೀರಿಕೊಂಡ.

ಈಗ ನಾನು ಹುನಗುಂದದಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಡೈರಿ ಬಿಟ್ಟಿಲ್ಲ. ಹಳೆಯ ಮಧ್ಯಾಹ್ನದ ಆಟಗಳನ್ನು ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಊಟದ ಬಿಡುವಿನಲ್ಲಿ ಡಬ್ಬಿ ಮುಂದಿಟ್ಟುಕೊಂಡು ಹುಡುಕುವುದು ನನ್ನ ಚಟ. ಮೊನ್ನೆ ಮೂರರ ಆಟದ ಒಂದು ಭಾಗ ಸಿಕ್ಕಿತು. ಹಳದಿ ಜುಬ್ಬಾ, ಹತ್ತು ಸೆಕೆಂಡಿನ ಚಕ್ರ, ಸಾಲಾಗಿ ನಾಲ್ವರು. ಮೂರನೆಯವಳು ಮೈಕು ಹಿಡಿದು, “ಯಜಮಾನ್ರು ಇಲ್ಲ ಅಣ್ಣ, ಬಿಟ್ಟು ಹೋದ್ರು,” ಎಂದಳು. ಅವನು ಕಿವಿಯಿಂದ ಕೈ ತೆಗೆದು, “ಹಾಗಾದ್ರೆ ಅಮ್ಮನ ಹೆಸರು ಹೇಳಿ ಅಕ್ಕ, ಅದೂ ನಡೆಯತ್ತೆ,” ಎಂದ. ಅವಳು ತಾಯಿಯ ಹೆಸರಿಗೆ ಒಡಪು ಕಟ್ಟಿ ಹೇಳಿದಳು. ಆಟ ಮುಂದುವರಿಯಿತು. ನಾನು ಊಟ ಮಾಡದೆ ಡಬ್ಬಿ ಮುಚ್ಚಿದೆ. ದನಿ ಹಚ್ಚಿ ನೋಡಿದ್ದರೆ ನಮಗೆ ಗೊತ್ತಿರುತ್ತಿತ್ತು. ನಾನು ಊಹೆ ಬರೆಯದೆ ‘ಏನೋ ಹೇಳುತ್ತಾರೆ, ಗೊತ್ತಿಲ್ಲ’ ಎಂದು ಬರೆದಿದ್ದರೂ ಅತ್ಯಾ ಯಾರನ್ನಾದರೂ ಕೇಳಿರುತ್ತಿದ್ದಳು.

ಆ ಭಾನುವಾರ ಕೆರೂರಿಗೆ ಹೋದೆ. ಅಪ್ಪ ಅವ್ವ ಸಂತೆಯ ಕಡೆ ಹೋಗಿದ್ದರು. ಅತ್ಯಾ ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ, ಒಂದು ಕಣ್ಣಿಗೆ ಶಸ್ತ್ರಕ್ರಿಯೆ ಆಗಿದೆ. ನಾನು ಫೋನು ಅವಳ ಮುಂದೆ ಹಿಡಿದೆ. ಅವಳು ಪೂರ್ತಿ ನೋಡಿದಳು.

“ತಮ್ಮ ಎಷ್ಟು ಸಣ್ಣಾಂವ ಇದ್ದ,” ಎಂದಳು. ಆಮೇಲೆ, “ಛಲೋ ಹೇಳಿದಳು ಅಕಿ.”

“ಅತ್ಯಾ, ಅವತ್ತು ನಾ ತಪ್ಪು ಬರದು ಕೊಟ್ಟೆ. ಒಡಪಾ ಕೇಳ್ತಾರಂತ ನಿನಗ ಗೊತ್ತಿದ್ದಿದ್ದರ...”

“ಗೊತ್ತಿತ್ತಲ್ಲ.”

ನಾನು ಫೋನು ಕೆಳಗಿಟ್ಟೆ.

“ಬಾಗಲಕೋಟ್ಯಾಗ ಗೇಟಿನ ಮುಂದ ಸಾಲಿಗೆ ನಿಂತಿದ್ದೆವಲ್ಲ, ನನ್ನ ಹಿಂದಿನಾಕಿ ತನ್ನ ಒಡಪಾ ಬಾಯಿಪಾಠ ಮಾಡ್ಲಿಕ್ಕತ್ತಿದ್ದಳು. ಯಾಕಂತ ಕೇಳಿದೆ, ಹೇಳಿದಳು. ನಾನೂ ಅಲ್ಲೇ ನಿಂತು ಕಟ್ಟಿದೆ. ನಿನ್ನ ತಪ್ಪೇನು ಅದರಾಗ?”

“ಮತ್ತ ಯಾಕ ಹೇಳಲಿಲ್ಲ?”

“ನಮ್ಮಪ್ಪ ಮುಂದ ಕೂತಿದ್ದ.” ಅವಳು ಸೊಪ್ಪಿನ ದಂಟನ್ನು ಬೇರೆ ಇಟ್ಟಳು. “ಆ ಹೆಸರು ನನಗೇನೂ ಭಾರ ಇರಲಿಲ್ಲ, ವೀಣಿ. ಅವಗ ಇತ್ತು. ಆರಿಸಿದಾಂವ ಅವನ ಅಲ್ಲ? ಅದು ಕಿವಿಗೆ ಬಿದ್ದರ ಮುದುಕ ಅಷ್ಟು ಮಂದ್ಯಾಗ ಎಲ್ಲಿ ಮಾರಿ ಇಟಗೋತಿದ್ದ? ಬಾಯಿತನಕಾ ಬಂದಿತ್ತು. ನುಂಗಿದೆ.”

“ಈಗ ಹೇಳ್ತೀಯೇನು?”

ಕೇಳಬಾರದಿತ್ತೋ ಏನೋ. ಅತ್ಯಾ ಅಜ್ಜನ ಮಂಚ ಇದ್ದ ಗೋಡೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಈಗ ಅವ್ವನ ಹೊಲಿಗೆ ಯಂತ್ರವಿದೆ. ಮಡಿಲಿನ ಸೊಪ್ಪು ಕೊಡವಿ, ಬೆನ್ನು ನೇರ ಮಾಡಿ, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ಹೇಳಿದಳು.

“ಹೊಳಿಯ ನೀರು ಹರೀತದ ದೂರ, ಶ್ರೀಧರರಾಯರ ಹಾದಿ ಕಾಯ್ಲಿಕ್ಕೆ ನನಗಿಲ್ಲ ಬ್ಯಾಸರ.”

ಆ ಹೆಸರನ್ನು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಯಾವುದೋ ಬ್ಯಾಂಕಿನ ಗುಮಾಸ್ತನಿಗೆ ಇರುವಂಥ ಹೆಸರು. ಹೊರಗೆ ಓಣಿಯಲ್ಲಿ ಯಾರದೋ ಮೋಟರ್ ಸೈಕಲ್ಲು ಹೋಯಿತು. ಒಡಪು ಬಹಳ ಚೆಂದ ಇದೆ ಎಂದೆ. ಅವಳು ತಲೆ ಅಲ್ಲಾಡಿಸಿ ಮತ್ತೆ ಸೊಪ್ಪಿನ ಕಟ್ಟು ಬಿಚ್ಚಿದಳು.

“ಅವತ್ತು ಹೇಳಿದ್ದರ ಖರೆ ಆಗ್ತಿತ್ತು,” ಎಂದಳು. “ಈಗ ಬರೇ ಪ್ರಾಸ.”